ಮಾರಮ್ಮನ ಬಾಗಿಲಲ್ಲಿ ತೆಗೆದ ಫೋಟೋ

14 ನವೆಂಬರ್ 2025, ಶುಕ್ರವಾರ

ಆ ಭಾನುಪ್ರಕಾಶ್ ಸರ್ ಮಗಳಿಗೆ ನಾಳೆ ಬಾ ಅಂತ ಹೇಳದೆಯೇ ಹೊರಟುಬಿಟ್ಟರು. ಅದೇ ಕೊರೆಯುತ್ತಿದೆ. ತುಮಕೂರು ಸೀಮೆಯ ಜನಜೀವನದ ಮೇಲೆ ಪುಸ್ತಕ ಮಾಡಿಸುತ್ತಿರುವವರು ಅವರು. ಫೋಟೋ ತೆಗೆಯುವ ಕೆಲಸವನ್ನು ನನ್ನ ಮಗಳು ಚೈತನ್ಯಳಿಗೆ ಕೊಟ್ಟಿದ್ದಾರೆ. ಇನ್ನು ಉಳಿಸುತ್ತಾರೋ ಇಲ್ಲವೋ.

ಶಿರಾ ಗೇಟ್ ಹತ್ತಿರದ ನಮ್ಮ ಮಾರಮ್ಮನ ಗುಡಿಗೆ ಇವತ್ತು ಇಬ್ಬರೂ ಬಂದಿದ್ದರು. ಒಳಗಿನ ಮೂರ್ತಿಯ ಫೋಟೋ ತೆಗೆಯಬಾರದು, ಅದು ಹಿಂದಿನಿಂದ ಬಂದ ಕಟ್ಟುಪಾಡು. ಸರ್ ಅದೇ ಬೇಕೆಂದರು. ಪುಸ್ತಕದಲ್ಲಿ ಬರುತ್ತದೆಂದ ಕೂಡಲೇ ಪೂಜಾರಿ ಚಿಕ್ಕಬೋರಯ್ಯನೂ ಕರಗಿಬಿಟ್ಟ.

"ಒಂದೇ ಒಂದು ತಕ್ಕಳವ್ವ. ಮಾರಮ್ಮ ಏನು ಬ್ಯಾಡ ಅಂತಾಳಾ?"

"ಅವಳು ಅನ್ನಲ್ಲ ಕಣ್ ತಾತ, ಊರೋರು ಅಂತಾರೆ. ನಾನೂ ಈ ಊರೋಳೇ ಅಲ್ವಾ," ಅಂದಳು ಚೈತನ್ಯ.

ಸರ್ ಮುಖ ಗಂಟಿಕ್ಕಿಕೊಂಡರು.

ಮಂಗಳಾರತಿ ಹೊತ್ತಿಗೆ ಅವಳು ಮಾರಮ್ಮನಿಗೆ ಬೆನ್ನು ಮಾಡದೆ, ಗರ್ಭಗುಡಿಯ ಬಾಗಿಲ ಪಕ್ಕದ ಗೋಡೆಗೆ ಒತ್ತಿಕೊಂಡು ನಿಂತು, ಕೈ ಮುಗಿದು ನಿಂತಿದ್ದ ನಮ್ಮ ಕಡೆಗೇ ಕ್ಯಾಮೆರಾ ತಿರುಗಿಸಿದಳು.

ಊಟವಾದ ಮೇಲೆ ತೋರಿಸಿದಳು. ಹೂವಿನ ಮಂಜುಳಮ್ಮ, ಆಟೋ ಅನಂತರಾಜು, ಎಲ್ಲರ ಮುಖದ ಮೇಲೂ ಕರ್ಪೂರದ ಬೆಳಕು. ನಡುವೆ ನಾನು. ಇಷ್ಟು ವರ್ಷ ಕೈ ಮುಗಿದಿದ್ದೇನೆ, ಮಾರಮ್ಮನ ಮುಂದೆ ನನ್ನ ಮುಖ ಹೇಗಿರುತ್ತದೆಂದು ನೋಡಿಯೇ ಇರಲಿಲ್ಲ. ನಾನು ಹೆತ್ತ ಮಗಳು ತೋರಿಸಿದಳು.

ಕೆಲಸ ಹೋದರೆ ಹೋಗಲಿ. ಜಂಬ ಪಡಬಾರದು ಅಂತಾರೆ, ತಾಯಿ ಮಾರಮ್ಮ, ಇವತ್ತೊಂದು ದಿನ ಕ್ಷಮಿಸು. ಸರ್ ಕರೆದರೂ ಕರೆಯದಿದ್ದರೂ ನಾಳೆ ಕುಣಿಗಲ್ ಕೆರೆಯ ಫೋಟೋಗೆ ಹೋಗುತ್ತಾಳಂತೆ. ನಾನು ಬೇಗ ಎದ್ದು ನಾಲ್ಕು ರೊಟ್ಟಿ ತಟ್ಟಿ ಕಟ್ಟಿಕೊಡಬೇಕು.