ಏಳು ಕೆಂಪು ತೆಂಗಿನ ಮರಗಳು

ಮಾವನವರಿಗೆ, ನಿಮ್ಮ ಸೊಸೆಯ ನಮಸ್ಕಾರಗಳು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಈ ಮೂರೂ ತಾಲ್ಲೂಕುಗಳ ಸಮಸ್ತ ತೆಂಗಿನ ಮರಗಳ ಸಮಕ್ಷಮದಲ್ಲಿ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಮ್ಮ ಮನೆಯ ಹಸಿರು ಕ್ರೆಯಾನ್ ಬುಧವಾರ ಸಂಜೆ ತೀರಿಕೊಂಡಿತು. ವಯಸ್ಸು ಎರಡು ತಿಂಗಳು. ನಿಮ್ಮ ಮೊಮ್ಮಗಳು ಸಿಂಚನ ನಮ್ಮ ತೋಟದ ನಕ್ಷೆಗೆ ಬಣ್ಣ ಬಳಿಯುತ್ತಿದ್ದಾಗಲೇ ಅದರ ಕೊನೆಯ ಚೂರು ಸವೆದುಹೋಯಿತು. ನಗಬೇಡಿ. ಆವತ್ತಿನಿಂದ ಈ ಮನೆಯಲ್ಲಿ ಗಂಡ ಹೆಂಡತಿ ಮುಖ ಕೊಟ್ಟು ಮಾತಾಡಿಲ್ಲ.

ಮೂರನೇ ಕ್ಲಾಸಿಗೆ ಸೋಷಿಯಲ್ ಬಂದಿದೆ, ಮಾವ. ಮನೆಯ ಸುತ್ತಮುತ್ತಲಿನ ನಕ್ಷೆ ಬರೆದು ಶನಿವಾರ ಒಯ್ಯಬೇಕು. ಅದನ್ನು ಶಾಲೆಯ ಗೋಡೆಗೆ ಅಂಟಿಸುತ್ತಾರೆ. ಮನೆಯವರೆಲ್ಲ ಬಂದು ನೋಡಬೇಕು. ನಾನು ಡಿಗ್ರಿ ಓದಿದವಳ ಗತ್ತಿನಲ್ಲಿ "ಪೂರ್ವ ಯಾವುದು ಹೇಳು" ಎಂದೆ. "ಪೂರ್ವ ಗೊತ್ತಿಲ್ಲ. ಮೂಡ್ಲು ಗೊತ್ತು, ಕೊಟ್ಟಿಗೆ ಕಡೆ" ಎಂದಳು. ನೀವು ಬೆಳಬೆಳಗ್ಗೆ ಕೈಹಿಡಿದು ತೋಟ ಸುತ್ತಿಸುತ್ತ ಕಲಿಸಿದ್ದಲ್ಲವೇ? ಮೂಡ್ಲು ಕೊಟ್ಟಿಗೆ, ಪಡುವ್ಲು ಬಾವಿ, ಬಡಗ್ಲು ರಸ್ತೆ, ತೆಂಕ್ಲು ಬೇಲಿ. ಪುಸ್ತಕದ ದಿಕ್ಕುಗಳನ್ನು ನಿಮ್ಮ ದಿಕ್ಕುಗಳಿಗೆ ಹೊಂದಿಸುವಷ್ಟರಲ್ಲಿ ನನ್ನ ಕಾಫಿ ಆರಿತು. "ಹೊಸಬರು ಇದನ್ನ ನೋಡ್ಕೊಂಡೇ ನಮ್ಮ ತೋಟಕ್ಕೆ ಬರೋ ಹಂಗಿರಬೇಕು. ಇರೋದನ್ನೇ ಬರಿ" ಎಂದು ಹೇಳಿ ಒಳಗೆ ಹೋದೆ. ಆ ಮಾತು ನನ್ನ ಕೊರಳಿಗೇ ಸುತ್ತಿಕೊಳ್ಳುತ್ತದೆಂದು ಯಾರಿಗೆ ಗೊತ್ತಿತ್ತು?

ಬಂದು ನೋಡಿದರೆ ತೋಟವೆಲ್ಲ ಹಸಿರು. ತೆಂಕಲ ಬೇಲಿಯ ಪಕ್ಕದ ಏಳು ಮರ ಮಾತ್ರ ಕೆಂಪು.

"ಹಸಿರು ಮುಗೀತು ಅಂತ ಕೆಂಪು ಬಳಿದ್ಯಾ? ನಾಳೆ ಹೊಸದು ತರೋಣ ಬಿಡು."

"ಇಲ್ಲಮ್ಮ. ಅವು ಚಿಕ್ಕಜ್ಜನ ಮರ. ಕೆಳಗೆ ಬರ್ದಿದೀನಲ್ಲ."

ಬರೆದಿದ್ದಳು, ದುಂಡಗೆ. ಹಸಿರು: ನಮ್ಮ ತೋಟ. ಕೆಂಪು: ಚಿಕ್ಕಜ್ಜನ ತೋಟ.

ಪಾಲಾದ ದಿನದಿಂದ ನೀವೂ ನಿಮ್ಮ ತಮ್ಮನೂ ಮಾತು ಬಿಟ್ಟದ್ದು ಆ ಏಳು ಮರಕ್ಕಲ್ಲವೇ? ರಾಜಿಗೆ ಬಂದವರ ಮುಂದೆಲ್ಲ "ಅವು ನನ್ನವು" ಎಂದು ನೀವು ಎದೆ ತಟ್ಟಿಕೊಂಡದ್ದನ್ನು ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತು ನಾನೇ ಕೇಳಿದ್ದೇನೆ. ಹೋದ ವರ್ಷ ನೀವು ಕಣ್ಣು ಮುಚ್ಚಿದ ದಿನವೂ ಚಿಕ್ಕಮಾವ ಗೇಟಿನಾಚೆ ನಿಂತು ನೋಡಿ ಹೊರಟುಹೋದರು. ಅವರ ಮೊಮ್ಮಗ ಇವಳ ಕ್ಲಾಸಿನಲ್ಲೇ ಇದ್ದಾನೆ. ಶನಿವಾರ ಅವರೂ ಬರುವವರೇ.

ನಿಮ್ಮ ಮಗ ತೋಟದಿಂದ ಬಂದವರು ನಕ್ಷೆ ನೋಡಿ ಕೈಕಾಲು ತೊಳೆಯುವುದನ್ನೂ ಮರೆತರು.

"ಯಾರೇ ಇದನ್ನ ಬರೆಸಿದ್ದು? ನೀನಾ? ಅಪ್ಪ ಸಾಯೋಗಂಟ ಬುಡ್ದೇ ಇದ್ದಿದ್ನ ನಾವು ಕ್ರೆಯಾನಲ್ಲಿ ಬುಟ್ಕೊಡಾದಾ?"

"ಅಜ್ಜನೇ ಹೇಳಿದ್ದು" ಎಂದಳು ನಿಮ್ಮ ಮೊಮ್ಮಗಳು, ತಲೆ ಎತ್ತದೆ. "ನಮ್ ಮರದ್ದು ಬಿದ್ದಿದ್ರೆ ಚೀಲಕ್ಕೆ. ಈ ಸಾಲಿಂದು ಬಿದ್ದಿದ್ರೆ ಬೇಲಿ ಸಂದೀಲಿ ಆ ಕಡೆಗೆ. ನಾನೇ ಉರುಳಿಸ್ತಿದ್ದೆ. ಅಜ್ಜಂಗೆ ಬಗ್ಗಕ್ಕಾಗ್ತಿರಲಿಲ್ಲ."

"ಅಪ್ಪ ಹಂಗೆ ಮಾಡಿರಾಕಿಲ್ಲ" ಎಂದರು ನಿಮ್ಮ ಮಗ. ಆದರೆ ದನಿಯಲ್ಲಿ ಕಸುವಿರಲಿಲ್ಲ. ಏನು ಮಾವ ಇದು? ಕೊಯ್ಲಿನ ದಿನ ಆ ಮರಗಳ ಕಾಯಿಯನ್ನು ಮಗ ತುಂಬಿಕೊಂಡು ಬರುವಾಗ ಜಗಲಿಯ ಮೇಲೆ ಸುಮ್ಮನೆ ಕೂತಿರುತ್ತಿದ್ದವರು, ಬಿದ್ದ ಕಾಯಿಯಲ್ಲಿ ಮಾತ್ರ ಧರ್ಮರಾಯರೇ? ಮೊಮ್ಮಗಳಿಗೆ ಹೇಳಿದ್ದನ್ನು ತಮ್ಮನಿಗೆ ಒಂದು ಮಾತು ಹೇಳಿದ್ದರೆ...

ಶುಕ್ರವಾರ ನಿಮ್ಮ ಮಗ ಪೇಟೆಯಿಂದ ಹೊಸ ಹಸಿರು ಕ್ರೆಯಾನ್ ತಂದು ನಕ್ಷೆಯ ಮೇಲಿಟ್ಟರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಮಗು ಅದನ್ನು ಹಿಡಿದು ಒಮ್ಮೆ ಅಪ್ಪನನ್ನು, ಒಮ್ಮೆ ನನ್ನನ್ನು ನೋಡಿತು.

"ಇರೋದನ್ನೇ ಬರಿ ಅಂದೆ. ಈಗ ಏನಮ್ಮ ಮಾಡ್ಲಿ?"

ಹಸಿರು ಬಳಿ ಎಂದರೆ ಅವಳು ಬಳಿಯುತ್ತಿದ್ದಳು, ಮಾವ. ಆಮೇಲೆ ನಾನು ಯಾವ ಪಾಠ ಹೇಳಿಕೊಟ್ಟರೂ ಅವಳು ನಂಬುತ್ತಿದ್ದಳೇ? ಕೆಂಪೇ ಇರಲಿ ಎಂದರೆ ಗಂಡನನ್ನು ಊರ ಮುಂದೆ ನಿಲ್ಲಿಸಿದ ಹಾಗೆ. ನಿಮ್ಮ ಸೊಸೆ ದೊಡ್ಡ ಧೈರ್ಯವಂತೆಯೇನಲ್ಲ. ಕ್ರೆಯಾನ್ ಇಸಿದುಕೊಂಡು ಅಡುಗೆಮನೆಗೆ ಹೋಗಿ ಸಾಸಿವೆ ಡಬ್ಬಿಯಲ್ಲಿ ಹಾಕಿ ಮುಚ್ಚಿದೆ. ನಿಮ್ಮ ಮಗ ಮುದ್ದೆ ಅರ್ಧಕ್ಕೇ ಬಿಟ್ಟು ಎದ್ದರು.

ಶನಿವಾರ ಶಾಲೆಗೆ ಬಂದರೂ ಅವರು ಬಾಗಿಲ ಬಳಿಯೇ ಕೈಕಟ್ಟಿ ನಿಂತರು. ಚಿಕ್ಕಮಾವ ಕನ್ನಡಕ ಏರಿಸಿಕೊಂಡು ಮೊಮ್ಮಗನ ನಕ್ಷೆ ನೋಡಿದರು. ಆಮೇಲೆ ಪಕ್ಕದ್ದು. ಬೆರಳು ರಸ್ತೆಯಿಂದ ಬಾವಿಗೆ, ಬಾವಿಯಿಂದ ಬೇಲಿಗೆ ಸರಿದು ಕೆಂಪು ಮರದ ಮೇಲೆ ನಿಂತುಬಿಟ್ಟಿತು. ಮರಗಳನ್ನು ಒಂದೊಂದಾಗಿ ಎಣಿಸಿದರು. ಏಳು.

"ಯಾರು ಹೇಳಿದ್ದವ್ವಾ?"

"ಅಜ್ಜ. ದಿನಾ ಕಾಯಿ ಉರುಳಿಸ್ತಿದ್ವಲ್ಲ, ನಿಮಗೆ ಸಿಕ್ಕಿಲ್ವಾ ಚಿಕ್ಕಜ್ಜ?"

ಈಗ ಹೇಳುವುದು ನಿಮಗೆ ಗೊತ್ತೇ ಇಲ್ಲದ ಸುದ್ದಿ. ಕೂತುಕೊಂಡು ಓದಿ.

"ಅಯ್ಯೋ ನಮ್ಮವ್ವಾ" ಎಂದರು ಚಿಕ್ಕಮಾವ, "ನಮ್ಮಣ್ಣ ಕೆಣಕಾಕೆ ಎಸೀತಾವ್ನೆ ಅಂದ್ಕಂಡು ದಿನಾ ಸಂಜೆ ನಾನು ವಾಪಸ್ ಉರುಳಿಸ್ತಿದ್ನಲ್ಲಾ!"

ಅದಕ್ಕೇ, ಮಾವ! ಬೇರೆ ಯಾವ ಸಾಲಿನಲ್ಲೂ ಇಷ್ಟು ಕಾಯಿ ಉದುರುವುದಿಲ್ಲ ಎಂದು ನೀವು ತಲೆ ಕೆರೆದುಕೊಳ್ಳುತ್ತಿದ್ದಿರಿ. ಅದೇ ಕಾಯಿ ಬೆಳಗ್ಗೆ ಆ ಕಡೆ, ಸಂಜೆ ಈ ಕಡೆ, ಮಾಯಸಂದ್ರದ ಬಸ್ಸಿನ ಹಾಗೆ ಓಡಾಡುತ್ತಿತ್ತು. ಬೇರೆ ಮನೆಯ ಕಥೆಯಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಅಲ್ಲಿ ಯಾರೂ ನಗಲಿಲ್ಲ. ಚಿಕ್ಕಮಾವ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಬಹಳ ಹೊತ್ತು ಒರೆಸಿದರು. ಮತ್ತೆ ಬಾಗಿಲ ಕಡೆ ತಿರುಗಿ, "ಲೋ ಮಗಾ, ಬೇಲೀಲಿ ಮುಂಚೆ ಒಂದು ದಾರಿ ಇತ್ತು. ಕತ್ತಾಳೆ ನೆಟ್ಟು ಮುಚ್ಚಿದ್ವಿ. ಈ ಮ್ಯಾಪಲ್ಲಿ ಅದಿಲ್ಲ. ನಾಳೆ ಬತ್ತೀನಿ, ಕಡಿಯಾನಾ?" ಎಂದರು.

ನಿಮ್ಮ ಮಗ ಹೊರಗೆ ಹೋಗಿ ಬೈಕ್ ಸ್ಟಾರ್ಟ್ ಮಾಡಿದರು. ರಾತ್ರಿ ಊಟಕ್ಕೆ ಕೂತಾಗಲೂ ಬೇಲಿಯ ಸುದ್ದಿ ಎತ್ತಲಿಲ್ಲ. ಆಯಿತು, ಇನ್ನು ಮುಗಿಯಿತು ಎಂದುಕೊಂಡೆ.

ಈ ಬೆಳಗ್ಗೆ ಅಟ್ಟದ ಮೇಲೆ ಗಡಗಡ ಸದ್ದು. ಕೊಬ್ಬರಿಗೆಂದು ಒಣಗಲು ಹಾಕಿದ ಕಾಯಿಗಳನ್ನೆಲ್ಲ ಸರಿಸಾಡುತ್ತಿದ್ದ ನಿಮ್ಮ ಮಗ ಧೂಳು ಮೆತ್ತಿದ ಮುಖವನ್ನು ಅಟ್ಟದಿಂದ ಕೆಳಗೆ ಚಾಚಿ ಕೇಳಿದರು:

"ಅಪ್ಪನ ಬೇಲಿ ಮಚ್ಚು ಎಲ್ಲಿಟ್ಟಿದ್ಯೇ?"

ನಾನೆಲ್ಲಿ ಇಟ್ಟೆ? ಅದನ್ನು ಮುಟ್ಟಲು ನೀವು ಯಾರಿಗೆ ಬಿಟ್ಟಿದ್ದಿರಿ? ಸಿಂಚನ ಆಗಲೇ ಹೊಸ ಹಾಳೆ ಹಾಸಿ, ಬೇಲಿಯಲ್ಲಿ ಒಂದಿಷ್ಟು ಜಾಗ ಖಾಲಿ ಬಿಟ್ಟು ಬರೆಯುತ್ತಿದ್ದಾಳೆ. ಚಿಕ್ಕಮಾವ ಬಂದು ಕತ್ತಾಳೆಯ ಆಚೆ ನಿಂತು ಕೆಮ್ಮುತ್ತಿದ್ದಾರೆ. ನಿಮ್ಮ ಮಗನ ಮನಸ್ಸು ಬದಲಾಗುವುದರೊಳಗೆ ನಿಮ್ಮಿಂದ ಒಂದು ಸಣ್ಣ ಉಪಕಾರವಾಗಬೇಕು, ಮಾವ. ಆ ಮಚ್ಚು ಅಟ್ಟದ ಮೂಡ್ಲು ಮೂಲೆಯಲ್ಲಿದೆಯೋ, ಪಡುವ್ಲು ಮೂಲೆಯಲ್ಲೋ, ಅಷ್ಟು ತಿಳಿಸಿ.