ಹದಿನಾಲ್ಕನೆಯ ರುಜು

ಬಾಗಲೂರು ಪಕ್ಕದ ನಮ್ಮ ಮನೆಯಿಂದ,
೨೬ ಜೂನ್ ೨೦೧೬, ಭಾನುವಾರ ಮಧ್ಯಾಹ್ನ

ನಮ್ಮ ಶಿಲ್ಪಾಳ ಅಪ್ಪನಿಗೆ ಸರಳಾ ಮಾಡುವ ನಮಸ್ಕಾರಗಳು.

ರಾಯಪುರದ ಬಿಸಿಲು ಈಗಲಾದರೂ ಇಳಿದಿದೆಯೇ? ಸೊಂಟದ ನೋವು ಹೇಗಿದೆ? ರಿಗ್ ಲಾರಿಯ ಕಬ್ಬಿಣದ ಹಲಗೆಯ ಮೇಲೆ ಮಲಗುತ್ತೀರೆಂದು ಕಳೆದ ಸಲ ನೀವೇ ಬಾಯಿ ಬಿಟ್ಟಿರಿ. ಹಾಗೆ ಮಲಗಬೇಡಿ. ಬೋರ್‌ವೆಲ್ ಕೊರೆಯುವಾಗ ಏಳುವ ಕಲ್ಲಿನ ಹಿಟ್ಟು ಎದೆಗೆ ಇಳಿಯದಂತೆ ಮೂಗಿಗೆ ಒದ್ದೆ ಟವೆಲ್ ಕಟ್ಟಿಕೊಳ್ಳಿ, ನಗುವವರು ನಗಲಿ. ಇಲ್ಲಿ ಅತ್ತೆಯ ಮಂಡಿ ಅವರ ಮಾತಿನಷ್ಟು ಗಟ್ಟಿಯಾಗಿಲ್ಲ, ಆದರೂ ಎಮ್ಮೆಯ ಕೆಲಸ ಯಾರಿಗೂ ಬಿಡುವುದಿಲ್ಲ. ಶಿಲ್ಪಾಳಿಗೆ ಮುಂದಿನ ಎರಡು ಹಲ್ಲು ಬಿದ್ದಿವೆ. ತನ್ನ ಹೆಸರನ್ನೇ ಶಿಳ್ಳೆ ಹೊಡೆದ ಹಾಗೆ ಹೇಳುತ್ತಾಳೆ. ಕೈ ಮೇಲಿನ ಕಜ್ಜಿ ಕಡಿಮೆಯಾಗಿತ್ತು, ಮಳೆ ಶುರುವಾದ ಮೇಲೆ ಮತ್ತೆ ಎದ್ದಿದೆ. ಕೊಂಡ ನೀರಿನಲ್ಲೇ ಸ್ನಾನ ಮಾಡಿಸುತ್ತಿದ್ದೇನೆ.

ನೀವು ದೀಪಾವಳಿ ಕಳೆದು ಹೊರಟಾಗ ಊರ ಹಿಂದಿನ ಕಲ್ಲುಕ್ವಾರಿಗೆ ದಿನಕ್ಕೆ ಹತ್ತಿಪ್ಪತ್ತು ಕಸದ ಲಾರಿ ಬರುತ್ತಿದ್ದವು. ಈಗ ಎಣಿಸುವುದನ್ನೇ ಬಿಟ್ಟಿದ್ದೇನೆ. ಹಳ್ಳ ತುಂಬಿ ಗುಡ್ಡವಾಗಿದೆ. ಅದರ ಮೇಲೆ ಹದ್ದುಗಳು, ಹದ್ದುಗಳ ಮೇಲೆ ವಿಮಾನಗಳು. ಅಂಗನವಾಡಿಯಲ್ಲಿ ಮಕ್ಕಳು ಊಟಕ್ಕೆ ಕೂತರೆ ನಾನು ತಟ್ಟೆಗಳ ಮೇಲೆ ಸೊಳ್ಳೆಪರದೆ ಹಿಡಿದು ನಿಲ್ಲುತ್ತೇನೆ, ಅಷ್ಟು ನೊಣ. ಮಳೆ ಬಿದ್ದರೆ ಗುಡ್ಡದ ಬುಡದಿಂದ ಟೀ ಡಿಕಾಕ್ಷನ್ನಿನಂಥ ಕಪ್ಪು ನೀರು ಒಸರಿ, ಹುಣಸೆಮರದ ಬುಡದ ಬಿರುಕಿನ ಆಸುಪಾಸಿನಿಂದ ನಮ್ಮ ಹೊಲಕ್ಕೆ ಇಳಿಯುತ್ತದೆ. ನಮ್ಮ ಬಾವಿಯ ನೀರನ್ನು ಎಮ್ಮೆ ಮೂಸಿ ಮುಖ ತಿರುಗಿಸುತ್ತದೆ. ಇದೆಲ್ಲ ನಿಮಗೆ ಗೊತ್ತು. ಗೊತ್ತಿದ್ದೂ ಬರೆಯುತ್ತಿದ್ದೇನೆ.

ಹಸಿರು ನ್ಯಾಯಪೀಠಕ್ಕೆ ಕೇಸು ಹಾಕಲು ನಮಗೆ ಜೊತೆ ನಿಂತ ಶರ್ವಾಣಿಯ ವಿಷಯ ಫೋನಿನಲ್ಲಿ ಹೇಳಿದ್ದೆ. ಆ ಹುಡುಗಿಯನ್ನು ನಾನು ಮೊದಲು ಎಷ್ಟು ಅನುಮಾನಿಸಿದ್ದೆ ಎಂದು ಹೇಳಿರಲಿಲ್ಲ. ಆರ್.ಟಿ. ನಗರದ ಮನೆ, ಓದಿದವಳು, ಒಳ್ಳೆಯ ಕೆಲಸ ಬಿಟ್ಟವಳು. ಹೆಬ್ಬಾಳದಲ್ಲಿ ಬಸ್ ಬದಲಿಸಿ ನಮ್ಮ ಊರಿನ ಗಬ್ಬು ಕುಡಿಯಲು ವಾರಕ್ಕೆ ಎರಡು ಸಲ ಯಾಕೆ ಬರುತ್ತಾಳೆ? ಯಾರ ಹೊಲದ ಸರ್ವೆ ನಂಬರ್ ಯಾವುದು ಎಂದು ಯಾಕೆ ಬರೆದುಕೊಳ್ಳುತ್ತಾಳೆ? ಜಮೀನು ಹಾಳೆಂದು ಸಾರಿ ಕಡಿಮೆಗೆ ಕೊಳ್ಳುವ ಬಿಲ್ಡರುಗಳ ಕಡೆಯವಳು ಎಂದೇ ನಾನು ಲೆಕ್ಕ ಹಾಕಿದ್ದೆ. ಕಸದಿಂದ ಏಳುವ ಗಾಳಿ ಇಡೀ ಭೂಮಿಯನ್ನೇ ಬಿಸಿ ಮಾಡುತ್ತದೆ ಎಂದು ಅವಳು ವಿವರಿಸಿದಾಗ ಅತ್ತೆ, ಭೂಮಿ ವಿಷಯ ಆಮೇಲೆ ನೋಡೋಣ, ಮೊದಲು ನನ್ನ ಎಮ್ಮೆ ನೀರು ಕುಡಿಯಲಿ ಎಂದುಬಿಟ್ಟರು. ಒಂದು ದಿನ ಅತ್ತೆ ಬೇಕೆಂದೇ ಬಾವಿಯ ನೀರನ್ನು ಚೊಂಬಿನಲ್ಲಿ ತಂದು ಅವಳ ಕೈಗೆ ಕೊಟ್ಟು, ಕಣ್ಣು ಮಿಟುಕಿಸದೆ ನೋಡುತ್ತಾ ನಿಂತರು. ಹುಡುಗಿ ಚೊಂಬನ್ನು ಕೆಳಗಿಟ್ಟು, "ಅಜ್ಜಿ, ನಾನು ಇದನ್ನ ಕುಡಿಯಲ್ಲ. ನೀವೂ ಕುಡೀಬೇಡಿ" ಎಂದಳು. ಮನೆಗೆ ಬಂದವಳ ಸೊಕ್ಕು ನೋಡು ಎಂದು ನಾನು ಅಂದುಕೊಂಡೆ. ಅವಳು ಹೋದ ಮೇಲೆ ಅತ್ತೆ ಹೇಳಿದ್ದೇ ಬೇರೆ. "ಕುಡಿದಿದ್ರೆ ನಾನು ನಂಬ್ತಿರ್ಲಿಲ್ಲ ಕಣೇ. ಓಟು ಕೇಳೋಕ್ ಬಂದೋರೆಲ್ಲ ಕುಡ್ದು ನಕ್ಕೊಂಡ್ ಒಂಟೋದ್ರು. ಇವ್ಳೊಬ್ಳು ಬ್ಯಾಡ ಅಂದ್ಲು." ಅಂದಿನಿಂದ ಅವಳು ನಮ್ಮ ಮನೆಯಲ್ಲಿ ಊಟ ಮಾಡಿಯೇ ಹೋಗುವುದು.

ಆದರೆ ಅನುಮಾನ ಎಂಬುದು ಒಂದು ಮನೆ ಬಿಟ್ಟರೆ ಇನ್ನೊಂದು ಮನೆ ಹುಡುಕುತ್ತದೆ. ಫೆಬ್ರವರಿಯಲ್ಲಿ ಪೀಠ ಕಳಿಸಿದ ತಪಾಸಣೆಯ ಅಧಿಕಾರಿಗಳು ಬಂದರು. ಕಸದ ಗುತ್ತಿಗೆಯವರಿಗೆ ತಿಳಿಸದೆ ಬರುವುದೆಂದಿತ್ತು, ನಮ್ಮ ಕಡೆಯವರು ಹಾಜರಿರಬೇಕೆಂದು ನಮ್ಮ ವಕೀಲ ವೇಣುಗೋಪಾಲರಿಗೆ ಮಾತ್ರ ಹಿಂದಿನ ದಿನ ಹೇಳಿದ್ದರು. ಅವತ್ತು ಒಂದು ಲಾರಿಯೂ ಬರಲಿಲ್ಲ. ಗುಡ್ಡಕ್ಕೆಲ್ಲ ಹೊಸ ಕೆಮ್ಮಣ್ಣು ಹೊದಿಸಿ ಔಷಧಿ ಸಿಂಪಡಿಸಿದ್ದರು. ಏಪ್ರಿಲ್ ನಡುವೆಯೂ ಹಾಗೆಯೇ ಆಯಿತು. ಕಚೇರಿಯಿಂದಲೇ ಸುದ್ದಿ ಹೋಗಿರಬೇಕು ಎಂದು ಶರ್ವಾಣಿ ಸಮಾಧಾನ ಹೇಳಿದಳು. ಮೇ ತಿಂಗಳಲ್ಲಿ ಮೂರನೆಯ ಸಲ ಬಂದಾಗ ಆ ಸಮಾಧಾನವೂ ಹೋಯಿತು. ಹುಣಸೆಮರದ ಬುಡದ ಬಿರುಕನ್ನೇ ತೋರಿಸುವುದೆಂದು ಹಿಂದಿನ ಸಂಜೆ ಅಂಗನವಾಡಿಯ ಬಾಗಿಲು ಹಾಕಿಕೊಂಡು ನಾವು ಐದು ಜನ ಹೆಂಗಸರು ಮಾತಾಡಿಕೊಂಡಿದ್ದೆವು. ಯಾವ ಕಚೇರಿಗೂ ಗೊತ್ತಿರಲಿಲ್ಲ. ಬೆಳಿಗ್ಗೆ ಹೋಗಿ ನೋಡಿದರೆ ಬಿರುಕಿಗೆ ಕಾಂಕ್ರೀಟು ಸುರಿದಿತ್ತು. ಇನ್ನೂ ಹಸಿಯಾಗಿತ್ತು, ನನ್ನ ಚಪ್ಪಲಿಯ ಗುರುತು ಬಿತ್ತು.

ಐವರಲ್ಲಿ ಒಬ್ಬಳು ಮುಸರ್ರತ್. ಅವಳ ಗಂಡ ಮೊಯಿನುದ್ದೀನ್ ಕಸದ ಲಾರಿಗಳಿಗೆ ಪಂಚರ್ ಹಾಕುವವನು. ಯಾರೂ ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ಎಲ್ಲರ ಕಣ್ಣೂ ಅವಳ ಮೇಲೇ ಹೋಯಿತು. ಬಾಯಿ ಬಿಟ್ಟವಳು ನಾನು. ನಿಮ್ಮ ಮನೆಯಲ್ಲಿ ಯಾರಿಗಾದರೂ ಹೇಳಿದೆಯಾ ಎಂದು ಎಲ್ಲರ ಎದುರಿಗೇ ಕೇಳಿದೆ. ಹತ್ತು ವರ್ಷದಿಂದ ಒಂದೇ ಬಾವಿಗೆ ಹಗ್ಗ ಇಳಿಸಿದವಳು. ಶಿಲ್ಪಾ ಹುಟ್ಟಿದ ರಾತ್ರಿ ಆಟೋ ಕರೆದು ತಂದವಳು. "ನನ್ ಮನೆಯೋರು ಪಂಚರ್ ಹಾಕ್ತಾರೆ ಸರಳಾ, ಬಾಯಿ ಮಾರಲ್ಲ" ಎಂದಳು. ಅವಳ ಪಾಲಿಗೆ ಬಂದಿದ್ದ ನೀರಿನ ಸ್ಯಾಂಪಲ್ ಬಾಟಲಿಯನ್ನು ಕಿಟಕಿಯ ಮೇಲೆ ಜೋಪಾನವಾಗಿ ಇಟ್ಟು ಹೊರಟುಹೋದಳು. ನಾನು ತಡೆಯಲಿಲ್ಲ. ತಪ್ಪು ಮಾಡಿದವಳು ಹೀಗೆಯೇ ಸುಮ್ಮನೆ ಹೋಗುತ್ತಾಳೆ ಎಂದು ಉಳಿದವರಿಗೆ ಹೇಳಿದೆ. ಅದನ್ನೂ ಹೇಳಿದೆ ನೋಡಿ.

ಈ ತಿಂಗಳ ಹತ್ತನೆಯ ತಾರೀಕು ಗುತ್ತಿಗೆಯವರು ಪೀಠಕ್ಕೆ ಉತ್ತರ ಕೊಟ್ಟರು. ಅದರ ನಕಲನ್ನು ಶರ್ವಾಣಿ ತಂದು ನಮ್ಮ ಜಗಲಿಯ ಮೇಲೆ ಹರಡಿದಳು. ಕಸದಿಂದ ನಮಗೆ ತೊಂದರೆಯಿಲ್ಲ, ಬಾವಿಯ ನೀರು ಚೆನ್ನಾಗಿದೆ, ಹೊರಗಿನವರು ಬಂದು ಊರನ್ನು ಎತ್ತಿಕಟ್ಟುತ್ತಿದ್ದಾರೆ ಎಂದು ಒಂದು ಪತ್ರ, ಅದರ ಕೆಳಗೆ ಊರಿನ ಮೂವತ್ತೊಂದು ಜನರ ರುಜು. ಮೊದಲಿಗೆ ನಗು ಬಂತು. ಏಳನೆಯ ಹೆಸರು ಮುನಿಶಾಮಪ್ಪನವರದು, ಅವರು ತೀರಿಕೊಂಡು ಮೂರು ವರ್ಷವಾಯಿತು. ಇನ್ನು ಕೆಲವರು ಕಾವೇರಿ ನೀರಿನ ಪೈಪಿಗೆ ಅರ್ಜಿ ಎಂದು ನಂಬಿ ಹೆಬ್ಬೆಟ್ಟು ಒತ್ತಿದ್ದರು. ಹದಿನಾಲ್ಕನೆಯದು, ಬಾವಿಯ ಮಾಲೀಕರು, ಯೋಗಾನಂದ ಬಿನ್ ಮುನಿನಾರಾಯಣಪ್ಪ. ತಾರೀಕು ಏಪ್ರಿಲ್ ಇಪ್ಪತ್ತೊಂಬತ್ತು. ನನ್ನ ತಮ್ಮನ ಮದುವೆಗೆಂದು ಬಂದು ನೀವು ಆರು ದಿನ ಮನೆಯಲ್ಲಿದ್ದ ವಾರ ಅದು.

ಪೈಪಿನ ಅರ್ಜಿ ಎಂದು ನಿಮಗೂ ಮೋಸ ಮಾಡಿರಬಹುದು ಎಂದು ಒಂದು ಗಳಿಗೆ ಆಸೆಪಟ್ಟೆ. ಆದರೆ ಬೋಂಡಾ ಕಟ್ಟಿಕೊಟ್ಟ ಪೇಪರನ್ನೂ ಬಿಡಿಸಿ ಕೊನೆಯ ಸಾಲಿನವರೆಗೆ ಓದುವವರು ನೀವು. ಅತ್ತೆಗೆ ಓದು ಬರುವುದಿಲ್ಲ. ನಾನು ಒಂದೇ ಸಾಲನ್ನು ಮತ್ತೆ ಮತ್ತೆ ಓದುವುದನ್ನು ನೋಡಿ ಕಾಗದ ಕಸಿದುಕೊಂಡರು. ಸಾಲುಗಳ ಮೇಲೆ ಬೆರಳು ಓಡಿಸುತ್ತಾ ಹೋಗಿ ಹದಿನಾಲ್ಕರಲ್ಲಿ ನಿಲ್ಲಿಸಿದರು. ಕೊನೆಯ ಅಕ್ಷರದ ಬಾಲವನ್ನು ನೀವು ಹಿಂದಕ್ಕೆ ಎಳೆದು ಇಡೀ ಹೆಸರಿನ ಕೆಳಗೆ ಹಾಸುತ್ತೀರಲ್ಲ, ಎಮ್ಮೆಯ ನೀರುತೊಟ್ಟಿ ಕಟ್ಟಿಸಿದಾಗ ಹಸಿ ಸಿಮೆಂಟಿನ ಮೇಲೂ ಹಾಗೆಯೇ ಗೀಚಿದ್ದಿರಿ. ಆ ಬಾಲವನ್ನು ದಿನಾ ತೊಳೆಯುವವರು ಅವರು. "ನನ್ನ ಮಗನ ಕೈನೇ ಇದು" ಎಂದಷ್ಟೇ ಹೇಳಿ ಒಳಗೆ ಹೋದರು. ಆ ಹೊತ್ತಿಗೆ ಶರ್ವಾಣಿ ಬಸ್ಸಿಗೆ ಹೊರಟಾಗಿತ್ತು, ಸದ್ಯ.

ಆಮೇಲೆ ಒಂದೊಂದಾಗಿ ನೆನಪಿಗೆ ಬಂತು. ನೀವು ದಿನಾ ಸಂಜೆ ಫೋನು ಮಾಡುತ್ತಿದ್ದಿರಿ. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ನನ್ನ ಕೆಲಸದ ಬಗ್ಗೆ ಇಷ್ಟು ವಿಚಾರಿಸಿದವರಲ್ಲ. ನಾಳೆ ಯಾರು ಬರುತ್ತಾರೆ, ಎಲ್ಲಿ ತೋರಿಸುತ್ತೀರಿ, ಹುಷಾರು ಎಂದೆಲ್ಲ ಕೇಳುತ್ತಿದ್ದರೆ ನನಗೆ ಎಷ್ಟು ಹಿಗ್ಗಾಗುತ್ತಿತ್ತು ಗೊತ್ತೇ? ದೂರ ಹೋದ ಮೇಲೆ ಇವರಿಗೆ ನನ್ನ ಬೆಲೆ ತಿಳಿಯಿತು ಎಂದುಕೊಂಡಿದ್ದೆ. ಆ ಮೂರು ತಪಾಸಣೆಗಳ ಸುದ್ದಿ ಮುಸರ್ರತ್‌ಳ ಬಾಯಿಂದ ಹೋಗಿರಲಿಲ್ಲ. ನನ್ನ ಬಾಯಿಂದಲೇ ಹೋಗಿತ್ತು. ಹುಣಸೆಮರದ ಬಿರುಕಿನ ಮಾತನ್ನು ನಾನು ಎಷ್ಟು ವಿವರವಾಗಿ ಹೇಳಿದ್ದೆ ಎಂದರೆ, ಕಣ್ಣು ಕಟ್ಟಿಕೊಂಡು ಬಂದವನೂ ಕಾಂಕ್ರೀಟು ಸುರಿಯಬಹುದಿತ್ತು.

ಮರುದಿನವೇ ಮುಸರ್ರತ್ ಮನೆಗೆ ಹೋದೆ. ರಂಜಾನ್ ಉಪವಾಸ ಶುರುವಾಗಿತ್ತು. ತಾನು ಹನಿ ನೀರು ಮುಟ್ಟದಿದ್ದರೂ ನನಗೆ ಕ್ಯಾನಿನಿಂದ ಲೋಟ ತುಂಬಿಸಿ ಕೊಟ್ಟಳು, ನಿಂತೇ ಕೊಟ್ಟಳು. ಇದ್ದದ್ದನ್ನು ಇದ್ದ ಹಾಗೆ ಹೇಳಿ, ತಪ್ಪಾಯಿತು ಎಂದೆ. ಅವಳು ಖುಷಿಪಡಲೂ ಇಲ್ಲ, ಬೈಯಲೂ ಇಲ್ಲ. "ಅನುಮಾನ ಮನೆ ಒಳ್ಗೆ ಬಂದು ಕೂತ್ರೆ ಹೆಂಗಿರತ್ತೆ, ಈಗ ನಿನ್ಗೂ ಗೊತ್ತಾಯ್ತಲ್ಲ" ಎಂದಳು. ನಾನು ಹೊಸ್ತಿಲು ದಾಟುವಾಗ, ಮುಂದಿನ ಮೀಟಿಂಗ್ ಯಾವತ್ತು ಎಂದು ಕೇಳಿದಳು. ಅಷ್ಟರಿಂದ ನಾನು ಬದುಕಿಕೊಂಡೆ.

ವೇಣುಗೋಪಾಲರು ಒಬ್ಬೊಬ್ಬರನ್ನೇ ಕೇಳುತ್ತಾ ಬಂದರು. ರುಜು ನನ್ನದಲ್ಲ ಎಂದು ಒಂಬತ್ತು ಜನ ಬರೆದುಕೊಟ್ಟಿದ್ದಾರೆ. ನನ್ನ ಸರದಿ ಬಂದಾಗ, ನಿಮ್ಮ ಯಜಮಾನರದ್ದಲ್ಲ ಎಂದಾದರೆ ಹೇಳಿ, ಅವರ ಜೊತೆಗೇ ಸೇರಿಸುತ್ತೇನೆ ಎಂದರು. ಎಷ್ಟು ಸುಲಭವಾಗಿತ್ತು. ಒಂದು ಮಾತು ಹೇಳಿದ್ದರೆ ಕೇಸೂ ಉಳಿಯುತ್ತಿತ್ತು, ಮರ್ಯಾದೆಯೂ ಉಳಿಯುತ್ತಿತ್ತು. ಇಡೀ ಕೇಸು ನಿಂತಿರುವುದೇ ನಮ್ಮ ಬಾವಿಯ ನೀರಿನ ಮೇಲೆ, ಮಾಲೀಕನೇ ನೀರು ಚೆನ್ನಾಗಿದೆ ಎಂದರೆ ನಮ್ಮ ಬಾಟಲಿಗಳನ್ನು ಯಾರು ನಂಬುತ್ತಾರೆ? ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಬಾಗಿಲ ಹಿಂದೆ ನಿಂತಿದ್ದ ಅತ್ತೆ ಮುಂದೆ ಬಂದರು. "ಬಾವಿ ಅವನ ಎಸರಲ್ಲಿ ಐತೆ, ಅಷ್ಟೇಯ. ತೋಡಿದ್ದು ನಾನೂ ನನ್ನ ಗಂಡನೂ. ಸಾಕ್ಷಿ ನಾನು ಏಳ್ತೀನಿ, ಬರ್ಕೊಳ್ಳಿ."

ಹೋದ ಮಂಗಳವಾರ ಯಲಹಂಕಕ್ಕೆ ನೋಟರಿಯ ಹತ್ತಿರ ಕರೆದುಕೊಂಡು ಹೋದೆವು. ಬಸ್ಸಿನಲ್ಲಿ ಒಂದು ಕಡೆ ನಾನು, ಒಂದು ಕಡೆ ಮುಸರ್ರತ್. ಟೈಪು ಮಾಡುವವರು ಕೇಳದೆಯೇ ಗೃಹಿಣಿ ಎಂದು ಹೊಡೆದರು. ಓದಿ ಹೇಳಿದಾಗ ಅತ್ತೆ ಅದನ್ನು ಒಪ್ಪಲಿಲ್ಲ, ಬಾವಿ ತೋಡಿದವಳು ಎಂದು ಬರೆಯಿರಿ ಎಂದು ಹಟ ಹಿಡಿದರು. ಟೈಪಿನವರು ನಕ್ಕು, ಕೊನೆಗೆ ಮೂರನೆಯ ಸಾಲಿನಲ್ಲಿ ಹಾಗೆಯೇ ಸೇರಿಸಿದರು. ಮಾವನ ಜೊತೆ ಮಂಕರಿಯಲ್ಲಿ ಮಣ್ಣು ಹೊತ್ತದ್ದು, ಮೂವತ್ತೆಂಟು ಅಡಿಗೆ ಮೊದಲ ಒರತೆ ಸಿಕ್ಕಿದ್ದು, ನಲವತ್ತು ವರ್ಷ ಆ ನೀರನ್ನೇ ಕುಡಿದದ್ದು, ಈಗ ಎಮ್ಮೆಯೂ ಮುಟ್ಟದಿರುವುದು, ಎಲ್ಲವನ್ನೂ ಹೇಳಿ ಬರೆಸಿದರು. ನಿಮ್ಮ ರುಜುವಿನ ಬಗ್ಗೆ ಒಂದಕ್ಷರವಿಲ್ಲ. ಕೆಳಗೆ ಹೆಬ್ಬೆಟ್ಟು ಒತ್ತಿದರು. ಮೊನ್ನೆ ಪೀಠದವರು ಆ ಸಾಕ್ಷಿಯನ್ನು ತೆಗೆದುಕೊಂಡು, ಬಾವಿಯ ನೀರನ್ನು ಹೊಸದಾಗಿ ತಮ್ಮ ಕಡೆಯವರಿಂದಲೇ ಪರೀಕ್ಷೆ ಮಾಡಿಸುವುದಾಗಿ ಹೇಳಿದ್ದಾರೆ. ಯಾವ ದಿನ ಎಂದು ನಾನು ಇಲ್ಲಿ ಬರೆಯುವುದಿಲ್ಲ. ನೀವೂ ಕೇಳಬೇಡಿ.

ನಿಮ್ಮನ್ನು ಕೇಳಬೇಕಾದದ್ದು ಬೇರೆ ಇದೆ. ರಿಗ್ಗಿನ ಕೆಲಸ ನಿಮಗೆ ಕೊಡಿಸಿದ್ದು ಯಾರು? ಎರಡು ವರ್ಷ ಅಲೆದರೂ ಸಿಗದ ಕೆಲಸ ಕಸದ ಲಾರಿಗಳು ಬಂದ ಮೇಲೆ ಒಂದೇ ವಾರದಲ್ಲಿ ಹೇಗೆ ಸಿಕ್ಕಿತು? ಬೆದರಿಸಿದರೇ? ಕೆಲಸ ಕಿತ್ತುಕೊಳ್ಳುತ್ತೇವೆ ಎಂದರೇ? ಹಾಗಿದ್ದರೆ ನನಗೆ ಹೇಳಬಹುದಿತ್ತು. ಫೋನಿನಲ್ಲಿ ಕೇಳಿದರೆ ರಿಗ್ಗಿನ ಸದ್ದು, ಕೇಳಿಸುತ್ತಿಲ್ಲ ಎನ್ನುತ್ತೀರಿ, ಅದಕ್ಕೇ ಕಾಗದ. ಫೆಬ್ರವರಿಯಿಂದ ಈಚೆಗೆ ನೀವು ಆಡಿದ ಒಂದೊಂದು ಮಾತನ್ನೂ ತಿರುಗಿಸಿ ಮುರುಗಿಸಿ ನೋಡುತ್ತಿದ್ದೇನೆ. ಊಟ ಆಯಿತೇ ಎಂದು ನೀವು ಕೇಳಿದರೂ, ಇದನ್ನು ಯಾಕೆ ಕೇಳಿದರು ಎನಿಸುತ್ತದೆ. ಇದು ಒಳ್ಳೆಯದಲ್ಲ ಎಂದು ನನಗೂ ಗೊತ್ತು.

ಶಿಲ್ಪಾ ಅಪ್ಪನಿಗೆ ಎಂದು ವಿಮಾನದ ಚಿತ್ರ ಬರೆದಿದ್ದಾಳೆ, ಇದರ ಜೊತೆಗೇ ಮಡಚಿ ಇಟ್ಟಿದ್ದೇನೆ. ಅತ್ತೆ ಹೊತ್ತಿಗೆ ಸರಿಯಾಗಿ ಉಣ್ಣಲು ಹೇಳಿದ್ದಾರೆ, ಅಷ್ಟೇ. ನಿಮ್ಮ ಜೊತೆಯ ರಿಗ್ಗಿನವರಿಗೆಲ್ಲ ನನ್ನ ನಮಸ್ಕಾರ ತಿಳಿಸಿ. ಮೈ ಕಡೆ ಗಮನವಿರಲಿ.

ಇಂತಿ,
ಸರಳಾ

ಬರೆಯಲು ಹಿಂಜರಿದದ್ದು: ಜುಲೈ ಹತ್ತನೆಯ ತಾರೀಕು, ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ವೇಣುಗೋಪಾಲರು ನಿಮಗೆ ಫೋನು ಮಾಡುತ್ತಾರೆ. ಅತ್ತೆಯ ಸಾಕ್ಷಿ ಇದ್ದರೂ ಮಾಲೀಕರನ್ನು ಒಂದು ಮಾತು ಕೇಳಲೇಬೇಕಂತೆ. ರುಜು ನಿಮ್ಮದೇ ಎಂದು ನನಗೆ, ಅತ್ತೆಗೆ, ಮುಸರ್ರತ್‌ಗೆ ಗೊತ್ತಿರುವುದು ಅವರಿಗೆ ಗೊತ್ತಿಲ್ಲ, ನಾವು ಹೇಳುವುದೂ ಇಲ್ಲ. ಹೆದರಿ ಹಾಕಿದೆ ಅನ್ನಿ, ಆಸೆಗೆ ಹಾಕಿದೆ ಅನ್ನಿ, ಏನು ಬೇಕಾದರೂ ಅನ್ನಿ. ರುಜು ನನ್ನದಲ್ಲ ಎಂದು ಮಾತ್ರ ಹೇಳಬೇಡಿ. ಉಳಿದದ್ದನ್ನೆಲ್ಲ ನಾನು ತಡೆದುಕೊಳ್ಳುತ್ತೇನೆ.