ಕಿತ್ತಳೆ ಬಣ್ಣದ ಡ್ರಮ್ಮು

ನೇವಿ ಮೇಷ್ಟ್ರೇ,

ನಮಸ್ಕಾರ ಎಂದು ಬರೆದು ಎರಡು ಸಲ ಹೊಡೆದುಹಾಕಿದೆ. ಯಾವ ಮುಖ ಇಟ್ಟುಕೊಂಡು ನಿಮಗೆ ನಮಸ್ಕಾರ ಹೇಳಲಿ? ಬೆಳಗಿನಿಂದ ನಿಂತಲ್ಲಿ ನಿಲ್ಲಲಾಗುತ್ತಿಲ್ಲ, ಕೂತಲ್ಲಿ ಕೂರಲಾಗುತ್ತಿಲ್ಲ. ಮಾರಿಕಣಿವೆಯ ಹಿನ್ನೀರಿನ ದಡದಲ್ಲಿ, ನಿಮ್ಮ ಪ್ಲಾಸ್ಟಿಕ್ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು ಬರೆಯುತ್ತಿದ್ದೇನೆ. ಕುರ್ಚಿ ಖಾಲಿಯೇ ಇದೆ, ಆದರೆ ಅದರಲ್ಲಿ ಕೂರುವಷ್ಟು ಧೈರ್ಯ ನನಗಿಲ್ಲ. ಹಾಳೆ ಹಾರದಂತೆ ಒಂದು ಕಲ್ಲು ಇಟ್ಟಿದ್ದೇನೆ.

ಮೊದಲ ದಿನ ನೆನಪಿದೆಯಾ ನಿಮಗೆ? ನಾನು ಶ್ರೀರಾಂಪುರದ ಹೈಸ್ಕೂಲಿನ ಪಿ.ಟಿ. ಮೇಡಂ, ಭಾನುವಾರ ಸುಮ್ಮನೆ ನೀರು ನೋಡಲು ಬಂದಿದ್ದೆ. ನೌಕಾಪಡೆಯಿಂದ ನಿವೃತ್ತರಾಗಿ ರಾಮಗಿರಿಗೆ ಮರಳಿದ್ದ ನೀವು ಒಬ್ಬೊಬ್ಬರೇ ನಡೆಸುವಂಥ ನಾಲ್ಕು ಹಳೇ ಹಾಯಿದೋಣಿಗಳನ್ನು ಲಾರಿಯಲ್ಲಿ ತರಿಸಿ ದಡಕ್ಕೆ ಇಳಿಸಿದ್ದಿರಿ. "ಹೊಲಕ್ಕೆ ಬಿಡಾಕೆ ನೀರು ಸಾಲ್ದು, ಈಯಪ್ಪ ದೋಣಿ ರೇಸ್ ಮಾಡ್ತಾನಂತೆ!" ಎಂದು ಜನ ನಗುತ್ತಿದ್ದರು. ನೀವು ಅದ್ಯಾವುದಕ್ಕೂ ಕಿವಿಗೊಡದೆ ನನ್ನನ್ನು ಕೇಳಿದಿರಿ, "ಈಜು ಬರ್ತೈತಾ ಮೇಡಂ?" ಬಾವಿಯಲ್ಲಿ ಕಲಿತಿದ್ದೇನೆ ಎಂದೆ. "ಮತ್ತಿನ್ನೇನು, ಹತ್ರಿ. ಹೋಗಾಣ." ಅಷ್ಟೇ, ಹತ್ತಿಬಿಟ್ಟೆ.

ಆ ತಿಂಗಳು ನಾನು ಕುಡಿದ ಹಿನ್ನೀರು ಎಷ್ಟೋ! ಗಾಳಿ ಜೋರಾದಾಗ ಹಾಯಿಯ ಹಗ್ಗ ಸಡಿಲ ಬಿಡಬೇಕು. ನಾನೋ, ಎದೆಗೆ ಎಳೆದು ಬಿಗಿದುಕೊಳ್ಳುತ್ತಿದ್ದೆ. ದೋಣಿ ದಬಕ್ಕನೆ ಮಗುಚುತ್ತಿತ್ತು. "ಯಾರ್ರೀ ನಿಮಗೆ ಇದನ್ನ ಕಲಿಸಿದ್ದು?" ಎಂದು ರೇಗಿದಿರಿ. ನಮ್ಮಪ್ಪ, ಎಂದೆ. ಕುರಿ ಮಂದೆಯ ಹಿಂದೆ ಬೆಳೆದವಳು ನಾನು. ಬಯಲಲ್ಲಿ ಗಾಳಿ ಎದ್ದರೆ ಹೊದ್ದ ಕಂಬಳಿಯನ್ನು ಎರಡೂ ಕೈಯಲ್ಲಿ ಎದೆಗೆ ಬಿಗಿಹಿಡಿಯಬೇಕು, ಇಲ್ಲವಾದರೆ ಕಂಬಳಿ ಪಕ್ಕದ ಹೊಲದಲ್ಲಿರುತ್ತದೆ. ಕೇಳಿ ನೀವು ಹೊಟ್ಟೆ ಹಿಡಿದುಕೊಂಡು ನಕ್ಕಿರಿ. "ತಾಯೀ, ಇದು ಕಂಬಳಿ ಅಲ್ಲ, ಬಿಡ್ರಿ, ಬಿಡ್ರಿ!" ಎಂದು ದಡದಿಂದ ಕೂಗಿ ಕೂಗಿ ನಿಮ್ಮ ಗಂಟಲು ಕಟ್ಟಿಹೋಗುತ್ತಿತ್ತು.

ರೇಸಿನ ನಿಯಮ ಹೇಳಿಕೊಟ್ಟ ದಿನ ನಾನು ವಾದಕ್ಕೆ ನಿಂತಿದ್ದೆ. ನೀರಲ್ಲಿ ತೇಲಿಬಿಟ್ಟ ಮೂರು ಕಿತ್ತಳೆ ಬಣ್ಣದ ಡ್ರಮ್ಮುಗಳನ್ನು ಬಳಸಿ ಬರಬೇಕು. ಡ್ರಮ್ಮಿಗೆ ದೋಣಿ ತಾಗಿದರೆ, ತಾಗಿಸಿದವರೇ ಅಲ್ಲೇ ಒಂದು ಸುತ್ತು ತಿರುಗಿ ದಂಡ ತೆತ್ತು ಮುಂದೆ ಹೋಗಬೇಕು. ಸೀಟಿ ಊದುವವರಿಲ್ಲ. ದಿನವಿಡೀ ಕೊರಳಲ್ಲಿ ಸೀಟಿ ತೂಗಿಕೊಂಡು ಓಡಾಡುವವಳಿಗೆ ಇದು ಹೇಗೆ ಒಪ್ಪಿಗೆಯಾದೀತು? "ಯಾರೂ ನೋಡದಿದ್ರೆ?" ಎಂದೆ. "ನಿಮಗೆ ಗೊತ್ತಿರ್ತೈತಲ್ರೀ," ಎಂದು ನೀವು ಹಗ್ಗ ಸುತ್ತಲು ಹೋದಿರಿ.

ಹೋದ ಆಷಾಢದ ಆ ರೇಸು... ಇನ್ನು ಸುತ್ತಿ ಬಳಸಿ ಹೇಳುವುದಿಲ್ಲ. ತಾಗಿತ್ತು ಮೇಷ್ಟ್ರೇ. ನೀವು ನೋಡಿದ್ದು ಸರಿ. ಧರ್ಮಪುರದ ಶೇಂಗಾ ವ್ಯಾಪಾರಿ ತಿಪ್ಪೇಸ್ವಾಮಿ ನನ್ನ ಬೆನ್ನಿಗೇ ಇದ್ದ. ಕೊನೆಯ ಡ್ರಮ್ಮಿನ ಹತ್ತಿರ ಗುಡ್ಡದ ಕಡೆಯಿಂದ ಗಾಳಿ ನುಗ್ಗಿತು, ನನ್ನ ಹಾಳು ಕೈ ಮತ್ತೆ ಕಂಬಳಿ ಹಿಡಿದಂತೆ ಹಗ್ಗ ಎಳೆಯಿತು, ದೋಣಿ ಗಕ್ಕನೆ ತಿರುಗಿ ಅದರ ಹಿಂಬದಿ ಡ್ರಮ್ಮಿಗೆ ಬಡಿಯಿತು. ಟಪ್ ಅಂತ ಒಂದು ಸದ್ದು. ಸುತ್ತು ಹಾಕಿದ್ದರೆ ತಿಪ್ಪೇಸ್ವಾಮಿ ಮುಂದೆ ಹೋಗುತ್ತಿದ್ದ. ನಾನು ಹಾಕಲಿಲ್ಲ. ಗೆದ್ದೆ.

ದಡಕ್ಕೆ ಬಂದಾಗ ನೀವು ದುರ್ಬೀನು ಕೆಳಗಿಳಿಸಿ ಮೆತ್ತಗೆ ಕೇಳಿದಿರಿ, "ಮೇಡಂ, ಡ್ರಮ್ ತಾಗ್ತಲ್ಲ?" ಇಲ್ಲ ಎಂದೆ. ಇನ್ನೊಮ್ಮೆ ಕೇಳಿದಿರಿ. ಸಿಕ್ಕಿಬಿದ್ದವಳ ಸಿಟ್ಟು ನೋಡಿ, ಬಾಯಿಗೆ ಬಂದದ್ದು ಅಂದುಬಿಟ್ಟೆ: "ವಯಸ್ಸಾಯ್ತು ಮೇಷ್ಟ್ರೇ, ಕಣ್ಣು ತೋರಿಸ್ಕಳ್ರಿ!" ಎಲ್ಲರೂ ನಕ್ಕರು. ನೀವು ದುರ್ಬೀನಿನ ಗಾಜು ಒರೆಸಿ, ಡ್ರಮ್ಮಿನ ಕಡೆ ಮತ್ತೆ ನೋಡಿ, ಎಲ್ಲರ ಮುಂದೆ ನನಗೆ ಕೈ ಮುಗಿದಿರಿ. "ತಪ್ಪಾಯ್ತಮ್ಮ." ಅಯ್ಯೋ, ಆಗಲಾದರೂ ನನ್ನ ನಾಲಿಗೆ ಹೊರಳಬಾರದಿತ್ತೇ?

ಆಮೇಲೆ ನೀವು ದೋಣಿ ಹತ್ತಲಿಲ್ಲ. ಪ್ರತಿ ಭಾನುವಾರ ಬಸ್ಸಿಳಿದು ಬಂದು ಈ ಕುರ್ಚಿಯಲ್ಲಿ ಕೂರುತ್ತಿದ್ದಿರಿ. ಮಂಡಿನೋವೇನೋ ಅಂದುಕೊಂಡೆ. ಅಲ್ಲ, ಹಾಗೆ ಅಂದುಕೊಳ್ಳುವುದು ನನಗೆ ಸಲೀಸಾಗಿತ್ತು. ಮುಂದಿನ ವಾರ ಹೇಳೋಣ, ಅದರ ಮುಂದಿನ ವಾರ ಹೇಳೋಣ ಎನ್ನುತ್ತ ಎಂಟು ತಿಂಗಳು ತಳ್ಳಿದೆ. ಶಿವರಾತ್ರಿಯ ಮರುವಾರ, ಬೆಳಗಿನ ಕಾಫಿ ಕುಡಿಯುತ್ತಿದ್ದಾಗಲೇ ನಿಮ್ಮ ಎದೆಬಡಿತ ನಿಂತಿತಂತೆ. ಈಗ ಶಾಲೆಯಲ್ಲಿ ಮಕ್ಕಳು ಗೆರೆ ತುಳಿದರೆ ಸೀಟಿ ಊದಲು ನನಗೆ ಉಸಿರೇ ಬರುವುದಿಲ್ಲ.

ಹೋದ ವಾರ ತಡೆಯಲಾರದೆ ರಾಮಗಿರಿಗೆ ಹೋದೆ. ನಿಮ್ಮ ಮನೆಯಾಕೆ ಸರೋಜಮ್ಮನವರು ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತಿದ್ದರು. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅವರು ಕೈಯಲ್ಲಿದ್ದ ಹಣ್ಣಿನ ಬೀಜ ತೆಗೆದು ಪಕ್ಕಕ್ಕಿಟ್ಟರು. ಆಮೇಲೆ, "ನಾನೇ ದುರ್ಗಕ್ಕೆ ಕರ್ಕೊಂಡು ಹೋಗಿ ಇವರ ಕಣ್ಣು ತೋರಿಸಿದ್ನಲ್ಲೇ," ಎಂದರು. "ಕಣ್ಣು ಚೆನ್ನಾಗೈತೆ ಅಂದ್ರು ಡಾಕ್ಟ್ರು. ಇವರು ನಂಬಲಿಲ್ಲ. ಡಾಕ್ಟರಿಗೇನು ಗೊತ್ತು, ನಮ್ಮ ಮೇಡಂ ಸುಳ್ಳು ಹೇಳಲ್ಲ ಅಂದ್ರು. ಯಾರಿಗಾದ್ರೂ ಗುದ್ದೇನು ಅಂತ ಸ್ಕೂಟರ್ ಬಿಟ್ರು. ನೀರಿಗಿಳಿಯೋದು ಬಿಟ್ರು."

ನಾನು ಅವರ ಕಾಲಿಗೆ ಬಿದ್ದೆ. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು. "ನನ್ನ ಮುಂದೆ ಯಾಕೆ ಅಳ್ತೀಯ? ಎಲ್ಲಿ ಅಂದ್ಯೋ ಅಲ್ಲಿ ಹೋಗಿ ಹೇಳು."

ಇವತ್ತು ಬೆಳಿಗ್ಗೆ ಹೇಳಿದೆ ಮೇಷ್ಟ್ರೇ. ರೇಸು ಶುರುವಾಗುವ ಮುಂಚೆ, ಎಲ್ಲರನ್ನೂ ನಿಲ್ಲಿಸಿ, ಗಟ್ಟಿಯಾಗಿ. ತಿಪ್ಪೇಸ್ವಾಮಿ ಬೈಯುತ್ತಾನೆ ಅಂದುಕೊಂಡಿದ್ದೆ. ಅವನು ತಲೆಯ ಟವೆಲ್ ತೆಗೆದು ಮುಖ ಒರೆಸಿಕೊಂಡ. "ರೇಸು ಹಾಳಾಗೋಗ್ಲಿ. ಆ ಮನುಷ್ಯನ್ನ ನೋಡಿ ನಾವೂ ನಕ್ಕಿದ್ವಲ್ಲ ಮೇಡಂ," ಎಂದ. ಉಳಿದವರು ತಲೆ ತಗ್ಗಿಸಿ ತಮ್ಮ ತಮ್ಮ ಹಾಯಿಯ ಹಗ್ಗ ಬಿಚ್ಚತೊಡಗಿದರು. ಬೈದಿದ್ದರೆ ಒಳ್ಳೆಯದಿತ್ತು.

ನನ್ನ ಶಿಕ್ಷೆ ನಾನೇ ಹಾಕಿಕೊಂಡಿದ್ದೇನೆ. ನೀವು ಎಂಟು ತಿಂಗಳು ನನ್ನ ಮಾತು ನಂಬಿ ದಡದಲ್ಲಿ ಕೂತಿರಿ. ನಾನೂ ಎಂಟು ತಿಂಗಳು ದೋಣಿ ಹತ್ತುವುದಿಲ್ಲ. ಪ್ರತಿ ಭಾನುವಾರ ಬರುತ್ತೇನೆ, ಬೇರೆಯವರ ದೋಣಿ ನೀರಿಗೆ ತಳ್ಳುತ್ತೇನೆ, ಇಲ್ಲೇ ಕೂರುತ್ತೇನೆ. ಗುಡ್ಡದ ಮೇಲಿನ ಗಾಳಿಯಂತ್ರಗಳು ಗಿರಗಿರನೆ ತಿರುಗುತ್ತಿವೆ, ತಿಪ್ಪೇಸ್ವಾಮಿಯ ಹಾಯಿ ಆಗಲೇ ಅರ್ಧ ನೀರು ದಾಟಿತು. ಇವತ್ತು ಮೊದಲ ದಿನ, ಮೇಷ್ಟ್ರೇ. ಗಾಳಿ ಬಹಳ ಚೆನ್ನಾಗಿದೆ.

ನಿಮ್ಮ,
ಪಿ.ಟಿ. ಮೇಡಂ